ಬೆಳ್ಳಿತೆರೆಯ ಜಕಣಾಚಾರಿಯೂ ಶಾಸನಗಳ ರೂವಾರಿಗಳೂ

ಹೊಯ್ಸಳ ದೇವಾಲಯಗಳನ್ನು ಕಟ್ಟಿದವರು ಯಾರೆಂದು ಹಾಸನದ ಸೀಮೆಯಲ್ಲಿ ಯಾರನ್ನು ಕೇಳಿದರೂ ದೊರೆಯುವ ಉತ್ತರ ಒಂದೇ: ಜಕಣಾಚಾರಿ. ಜನರ ಬಾಯಲ್ಲಿ ಬಹುಕಾಲದಿಂದ ಉಳಿದುಬಂದಿದ್ದ ಈ ಹೆಸರಿಗೆ ಮುಖವನ್ನೂ ಕಂಠವನ್ನೂ ಒದಗಿಸಿದುದು 1964ರಲ್ಲಿ ತೆರೆಕಂಡ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರ. ಬಿ. ಎಸ್. ರಂಗಾ ಅವರು ನಿರ್ದೇಶಿಸಿದ ಇದು ಕನ್ನಡದ ಮೊದಲ ಪೂರ್ಣಾವಧಿ ವರ್ಣಚಿತ್ರ. ಕಲ್ಯಾಣಕುಮಾರ್ ಅವರು ಜಕಣಾಚಾರಿಯಾಗಿಯೂ ಬಿ. ಸರೋಜಾದೇವಿಯವರು ಮಂಜರಿಯಾಗಿಯೂ ಅಭಿನಯಿಸಿದರು, ಎಸ್. ರಾಜೇಶ್ವರರಾವ್ ಅವರ ಸಂಗೀತ ಚಿತ್ರದ ಜೀವಾಳವಾಯಿತು. ಈ ಚಿತ್ರದ ನಾಯಕನನ್ನು ಶಾಸನಗಳ ಬೆಳಕಿನಲ್ಲಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಚಿತ್ರದ ಕಥೆ ಐತಿಹ್ಯವನ್ನೇ ಬಹುಮಟ್ಟಿಗೆ ಅನುಸರಿಸುತ್ತದೆ. ಶಿಲ್ಪಿಯಾದ ಜಕಣನು ನರ್ತಕಿ ಮಂಜರಿಯನ್ನು ವರಿಸುತ್ತಾನೆ. ತಪ್ಪು ತಿಳಿವಳಿಕೆಯಿಂದ ಆಕೆಯನ್ನು ತೊರೆದು ಅಲೆಯುತ್ತಾನೆ. ಕಡೆಗೆ ವಿಷ್ಣುವರ್ಧನನ ಬೇಲೂರಿನಲ್ಲಿ ದೇವಾಲಯ ನಿರ್ಮಾಣದ ಹೊಣೆ ಹೊರುತ್ತಾನೆ. ಅಲ್ಲಿಗೆ ಬಂದ ಅಪರಿಚಿತ ತರುಣನೊಬ್ಬನು ದೇವರ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಹೇಳುತ್ತಾನೆ. ಒಡೆದು ನೋಡಲು ಕಲ್ಲಿನ ಒಡಲಲ್ಲಿ ಕಪ್ಪೆ ಕಾಣುತ್ತದೆ. ಜಕಣನು ತನ್ನ ಕೈಯನ್ನೇ ಕತ್ತರಿಸಿಕೊಳ್ಳುತ್ತಾನೆ. ಆ ತರುಣ ತನ್ನ ಮಗನಾದ ಡಂಕಣನೇ ಎಂಬುದು ಅನಂತರ ತಿಳಿಯುತ್ತದೆ. ಕಳೆದ ಕೈ ದೈವಾನುಗ್ರಹದಿಂದ ಮರಳಿ ಬಂದ ಸ್ಥಳವೇ ತುಮಕೂರಿನ ಬಳಿಯ ಕೈದಾಳವೆಂದು ಪ್ರತೀತಿ.

ಇಲ್ಲಿ ನಾಯಕನು ಮೊದಲು ಪ್ರೇಮಿ, ಬಳಿಕ ವಿರಹಿ, ಕೊನೆಗೆ ಪಶ್ಚಾತ್ತಾಪದಿಂದ ಪುನೀತನಾದ ಭಕ್ತ. ಶಿಲ್ಪಿ ಎಂಬುದು ಈ ಮೂರನ್ನೂ ಪೋಣಿಸುವ ದಾರ ಮಾತ್ರ. ಇದಕ್ಕೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಗೀತನೃತ್ಯಪ್ರಧಾನವಾದ ಚಿತ್ರಕ್ಕೆ ಒಲವು, ಅಗಲಿಕೆ, ಭಕ್ತಿಗಳು ಹಾಡಿನ ಆಸರೆಗಳು. ಗಣಿಯಿಂದ ಬಳಪದ ಕಲ್ಲನ್ನು ತರುವುದು, ನೂರಾರು ಕೈಗಳು ವರ್ಷಗಟ್ಟಲೆ ಒಂದೇ ಗೋಡೆಯ ಮುಂದೆ ದುಡಿಯುವುದು ಹಾಡಿಗೆ ಒಗ್ಗುವ ವಸ್ತುಗಳಲ್ಲ. ಆದ್ದರಿಂದ ಸಮೂಹದ ದುಡಿಮೆಯೆಲ್ಲ ಒಬ್ಬನ ಬಾಳಾಗಿ ಕರಗಿತು. ಇದು ಕಲೆಯ ಅಪರಾಧವಲ್ಲ. ಆದರೆ ಅದನ್ನೇ ಇತಿಹಾಸವೆಂದು ನಂಬುವುದು ನಮ್ಮ ಪ್ರಮಾದ.

ಶಾಸನಗಳು ಬೇರೆಯ ಮಾತನ್ನು ಹೇಳುತ್ತವೆ. ಬೇಲೂರಿನ ಪ್ರತಿಷ್ಠೆ ನಡೆದುದು 1117ರಲ್ಲಿ. ಸೋಮನಾಥಪುರದ ಕೇಶವಾಲಯ ಪೂರ್ಣಗೊಂಡುದು 1258ರಲ್ಲಿ. ಎರಡನ್ನೂ ಜಕಣನ ಕೃತಿಯೆಂದು ಎಣಿಸುವ ವಾಡಿಕೆಯುಂಟು. ಸುಮಾರು ನೂರನಲವತ್ತು ವರ್ಷಗಳ ಅಂತರವನ್ನು ಯಾವ ಮಾನವನೂ ಬದುಕಿ ದಾಟಲಾರ. ಕಪ್ಪೆಯ ಕಥೆಗೆ ನೆಲೆಯಾದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲಾದೇವಿಯು ಮಾಡಿಸಿದ್ದು. ಬೇಲೂರಿನ ಶಿಲ್ಪಗಳ ಮೇಲಿರುವ ಸಹಿಗಳಲ್ಲಿ ದಾಸೋಜ, ಚಾವಣ, ಮಲ್ಲಿಯಣ್ಣ, ನಾಗೋಜ ಮೊದಲಾದ ರೂವಾರಿಗಳ ಹೆಸರುಗಳಿವೆ; ಜಕಣನ ಹೆಸರಿಲ್ಲ.

ಈ ಸಹಿಗಳಲ್ಲಿ ಒಂದು ಜೋಡಿ ವಿಶೇಷವಾಗಿ ಗಮನಾರ್ಹ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನಲ್ಲಿ ಜೊತೆಗೆ ಕೆಲಸ ಮಾಡಿದರು. ಅಲ್ಲಿನ ಮದನಿಕೆಯರಲ್ಲಿ ನಾಲ್ಕು ತಂದೆಯ ಕೈಯವು, ಐದು ಮಗನ ಕೈಯವು ಎಂದು ಗುರುತಿಸಲಾಗಿದೆ. ತಂದೆ ಮಕ್ಕಳ ಕಥೆ ತೆರೆಯ ಮೇಲೆ ಸ್ಪರ್ಧೆಯಾಗಿ, ಸೋಲಾಗಿ, ಕಡಿದ ಕೈಯಾಗಿ ಕಾಣುತ್ತದೆ. ಕಲ್ಲಿನ ಮೇಲೆ ಅದು ಒಂದೇ ಮಾಡಿನ ಕೆಳಗೆ ಸಾಗಿದ ವಿದ್ಯೆಯ ಪರಂಪರೆಯಾಗಿ ಕಾಣುತ್ತದೆ. ಐತಿಹ್ಯವು ಸಂಪೂರ್ಣ ಸುಳ್ಳೆಂದು ಇದರ ಅರ್ಥವಲ್ಲ. ಪ್ರತಿಸ್ಪರ್ಧಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳೂ ಸಹಿಗಳಲ್ಲಿ ಕಂಡುಬರುತ್ತವೆ. ಸ್ಪರ್ಧೆಯೂ ತಂದೆ ಮಕ್ಕಳ ನಂಟೂ ನಿಜ. ಜನಸ್ಮೃತಿ ಅವೆರಡನ್ನೂ ಒಂದಾಗಿ ಹೆಣೆದಿರಬಹುದು.

ಬೇಲೂರಿನ ಹೊರಗೂ ಇಂತಹ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಬೇಲೂರಿಗಿಂತ ತುಸು ಹಿಂದಿನದು. ಅದರ ಶಿಲ್ಪಿ ಮಲ್ಲೋಜ ಮಾಣಿಯೋಜ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಂತೂ ಕೆಲಸದ ಹಂಚಿಕೆಯೇ ಸ್ಪಷ್ಟವಾಗಿದೆ: ದಕ್ಷಿಣದ ಮೂರ್ತಿಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ಅನೇಕ ವಿಗ್ರಹಗಳ ಮೇಲಿದೆ. ಆದರೂ ಅವನನ್ನು ಕುರಿತು ಹಾಡು ಹುಟ್ಟಲಿಲ್ಲ.

ಆರ್. ನರಸಿಂಹಾಚಾರ್ಯರು ಮೈಸೂರಿನ ಪುರಾತತ್ತ್ವ ಇಲಾಖೆಯ ಪರವಾಗಿ ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳನ್ನು ಕುರಿತು 1917-19ರಲ್ಲಿಯೇ ಗ್ರಂಥಗಳನ್ನು ಪ್ರಕಟಿಸಿದ್ದರು. ಅದಾಗಿ ನಾಲ್ಕು ದಶಕಗಳು ಕಳೆದ ಮೇಲೆ ಚಿತ್ರ ಬಂದಿತು. ಜನಮನದಲ್ಲಿ ಗೆದ್ದುದು ಚಿತ್ರವೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆದರೂ ಸಹಿ ಹಾಕಿದವರ ಹೆಸರುಗಳು ವಿದ್ವಾಂಸರ ಪುಟಗಳಿಂದ ಹೊರಗೆ ಹೆಚ್ಚಾಗಿ ಬಂದಿಲ್ಲ.

ಜಕಣಾಚಾರಿಯನ್ನು ಜನರಿಂದ ಕಸಿದುಕೊಳ್ಳುವುದು ನಮ್ಮ ಕೆಲಸವಲ್ಲ. ಅವನು ಕನ್ನಡಿಗರ ಶಿಲ್ಪಾಭಿಮಾನದ ಪ್ರತೀಕ. ಆ ಸ್ಥಾನದಲ್ಲಿ ಅವನು ಸುಖವಾಗಿರಲಿ. ಆದರೆ ತಮ್ಮ ಹೆಸರು ಉಳಿಯಲೆಂದು ಅಕ್ಷರ ಕೆತ್ತಿದವರನ್ನು ಮರೆತು, ಅಲ್ಲಿ ಸಹಿಯನ್ನೇ ಬಿಡದವನೊಬ್ಬನಿಗೆ ಅವರ ದುಡಿಮೆಯನ್ನೆಲ್ಲ ಒಪ್ಪಿಸುವುದು ನ್ಯಾಯವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜು ವಿದ್ಯಾರ್ಥಿಗಳಿಗೆ ಈ ಗುಡಿಗಳು ಒಂದು ದಿನದ ಪ್ರಯಾಣದೊಳಗಿವೆ. ಅವರು ಚಿತ್ರವನ್ನು ನೋಡಿ ಆನಂದಿಸಲಿ. ಮರುದಿನ ನುಗ್ಗೇಹಳ್ಳಿಗೆ ಹೋಗಿ, ಮೂರ್ತಿಯ ಮುಖವನ್ನು ನೋಡಿದ ಮೇಲೆ ಪೀಠದ ಅಕ್ಷರಗಳನ್ನೂ ಬಾಗಿ ಓದಲಿ.