ಕಚೇರಿ ಜಾಲಗಳ ಪ್ರತ್ಯೇಕತೆ

ಒಂದೇ ಇಂಟರ್ನೆಟ್ ಸಂಪರ್ಕವನ್ನು ಹಲವು ಕಚೇರಿಗಳು ಹಂಚಿಕೊಂಡರೂ ಒಂದರ ಕಂಪ್ಯೂಟರುಗಳು ಮತ್ತೊಂದಕ್ಕೆ ಎಟುಕದಂತೆ ಇಡುವ ವ್ಯವಸ್ಥೆ. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಎರಡು ಸಾಧನಗಳು ವಿಎಲ್ಎಎನ್ (ಒಂದೇ ಸ್ವಿಚ್ಚು-ಕೇಬಲುಗಳ ಮೇಲೆ ಹಲವು ಬೇರೆ ಜಾಲಗಳನ್ನು ನಡೆಸುವ ವಿಧಾನ) ಮತ್ತು ನ್ಯಾಟ್ (ಒಳಗಿನ ಹಲವು ಕಂಪ್ಯೂಟರುಗಳು ಹೊರಗೆ ಒಂದೇ ಐಪಿ ವಿಳಾಸ ಬಳಸುವಂತೆ ವಿಳಾಸ ಬದಲಿಸುವ ವಿಧಾನ). ಎರಡೂ ರಕ್ಷಣೆಗೆಂದು ಹುಟ್ಟಿದವಲ್ಲ. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ರೂಪಿಸಿದ ಈಥರ್ನೆಟ್‌ನಲ್ಲಿ ಒಂದೇ ಕೇಬಲಿನ ಮೇಲೆ ಒಬ್ಬರು ಆಡಿದ್ದು ಎಲ್ಲರಿಗೂ ಕೇಳುತ್ತಿತ್ತು. ಜಾಲಗಳು ಬೆಳೆದಂತೆ, ಎಲ್ಲರನ್ನೂ ಉದ್ದೇಶಿಸಿದ ಬ್ರಾಡ್‌ಕಾಸ್ಟ್ ಸಂದೇಶಗಳೇ ಹೊರೆಯಾದವು. ಇಂಥ ದೊಡ್ಡ ಜಾಲಗಳನ್ನು ನಿಭಾಯಿಸಲೆಂದು 1980ರ ದಶಕದಲ್ಲಿ ಬೆಲ್‌ಕೋರ್‌ನ ಡೇವಿಡ್ ಸಿನ್ಕೋಸ್ಕಿ ನಡೆಸಿದ ಕೆಲಸದಿಂದ ವಿಎಲ್ಎಎನ್ ಕಲ್ಪನೆ ಬಂತು. 1998ರ 802.1ಕ್ಯೂ ಮಾನಕ ಅದಕ್ಕೆ ಎಲ್ಲ ತಯಾರಕರೂ ಒಪ್ಪುವ ರೂಪ ಕೊಟ್ಟಿತು: ಜಾಲದಲ್ಲಿ ಸಾಗುವ ಪ್ರತಿ ದತ್ತಾಂಶದ ತುಂಡಿಗೆ, ಅಂದರೆ ಫ್ರೇಮಿಗೆ, 4 ಬೈಟ್‌ಗಳ ಟ್ಯಾಗ್, ಅದರಲ್ಲಿ ಜಾಲದ ಸಂಖ್ಯೆಗೆ 12 ಬಿಟ್, ಒಟ್ಟು 4094 ಜಾಲಗಳಿಗೆ ಅವಕಾಶ. ನ್ಯಾಟ್‌ನ ಕಥೆ ಇನ್ನೂ ನೇರ. ಐಪಿ ವಿಳಾಸಗಳು ಮುಗಿದುಹೋಗುವ ಭಯದಲ್ಲಿ 1994ರಲ್ಲಿ ತಂತ್ರಜ್ಞರಾದ ಎಗೆವಾಂಗ್ ಮತ್ತು ಫ್ರಾನ್ಸಿಸ್ ಅದನ್ನು ತಾತ್ಕಾಲಿಕ ಉಪಾಯವೆಂದೇ ಮುಂದಿಟ್ಟರು. ಆ ತಾತ್ಕಾಲಿಕ ಇನ್ನೂ ಮುಗಿದಿಲ್ಲ.

ನ್ಯಾಟ್ ಹಿಂದಿರುವ ಕಂಪ್ಯೂಟರು ಹೊರಗಿನವರಿಗೆ ಕಾಣದು, ಅಷ್ಟು ಸಾಲದೇ ಎಂಬ ವಾದವಿದೆ. ಮುಖ್ಯ ರೂಟರಿಗೆ ಒಂದು ಕಚೇರಿ ನೇರವಾಗಿ, ಇನ್ನೊಂದು ತನ್ನದೇ ರೂಟರಿನ ಮೂಲಕ ಜೋಡಿಸಿಕೊಂಡಿದೆ ಎನ್ನಿ. ಒಳರೂಟರಿನ ಹಿಂದಿರುವವರನ್ನು ಮೊದಲ ಕಚೇರಿ ತಲುಪಲಾರದು ನಿಜ. ಆದರೆ ಅವರು ಮೊದಲ ಕಚೇರಿಯ ಪ್ರಿಂಟರು, ಕಡತಗಳವರೆಗೆ ಸಲೀಸಾಗಿ ಹೋಗಬಲ್ಲರು. ಅವರ ಇಂಟರ್ನೆಟ್ ದಾರಿ ಹಾದುಹೋಗುವುದೇ ಆ ಜಾಲದ ನಡುವೆ. ಗೋಡೆ ಒಂದು ಕಡೆಗಷ್ಟೇ. ಇನ್ನು ಕೆಲವರು, ಟ್ಯಾಗನ್ನು ನಂಬಬೇಡಿ, ಕೇಬಲು ಮತ್ತು ಸ್ವಿಚ್ಚುಗಳನ್ನೇ ಬೇರೆ ಮಾಡಿ ಎನ್ನುತ್ತಾರೆ. ಅವರ ಅನುಮಾನಕ್ಕೆ ಆಧಾರವಿದೆ: ಸ್ವಿಚ್ಚುಗಳ ನಡುವೆ ಹಲವು ಜಾಲಗಳನ್ನು ಹೊರುವ ಟ್ರಂಕ್ ಕೊಂಡಿಯಲ್ಲಿ ಟ್ಯಾಗಿಲ್ಲದೆ ಸಾಗುವ ನೇಟಿವ್ ವಿಎಲ್ಎಎನ್‌ನಲ್ಲೇ ಬಳಕೆದಾರರನ್ನೂ ಇರಿಸಿದರೆ, ಎರಡು ಟ್ಯಾಗ್ ಹಚ್ಚಿದ ಫ್ರೇಮು ಪಕ್ಕದ ಜಾಲಕ್ಕೆ ನುಸುಳಬಹುದು. ಆದರೆ ಇದು ಸಂರಚನೆಯ ದೋಷ, ತಿದ್ದಬಹುದಾದದ್ದು. ಮೇಲಾಗಿ ಎಷ್ಟೇ ಕೇಬಲು ಎಳೆದರೂ ಸಂಪರ್ಕ ಒಂದೇ ಆದ ಮೇಲೆ ಅವೆಲ್ಲ ಸೇರುವುದು ಒಂದೇ ರೂಟರಿಗೆ. ಜಾಲದಿಂದ ಜಾಲಕ್ಕೆ ಪ್ಯಾಕೆಟ್ ದಾಟಿಸುವುದೇ ರೂಟರಿನ ಕಸುಬು. ತಡೆಯಬೇಕೆಂದು ಹೇಳದಿದ್ದರೆ ಅದು ದಾಟಿಸಿಯೇ ದಾಟಿಸುತ್ತದೆ.

ಹಾಗಾಗಿ ನಿಜವಾದ ಬೇರ್ಪಡಿಕೆ ನಡೆಯುವುದು ರೂಟರಿನಲ್ಲಿ ಬರೆದ ಫಿಲ್ಟರ್ ನಿಯಮದಲ್ಲಿ, ಅಂದರೆ ಯಾವ ಪ್ಯಾಕೆಟ್ ದಾಟಬಹುದು, ಯಾವುದು ಬಾರದು ಎಂಬ ಆದೇಶದಲ್ಲಿ. ವಿಎಲ್ಎಎನ್ ಗಡಿ ಗುರುತಿಸುತ್ತದೆ, ಕಾಯುವುದು ನಿಯಮ. ರಕ್ಷಣೆಗೆಂದೇ ಹುಟ್ಟಿದ ಸಾಧನ ಇದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಜೆಫ್ರಿ ಮೊಗುಲ್ 1989ರಲ್ಲೇ ಗೇಟ್‌ವೇಗಳಲ್ಲಿ ಇಂಥ ನಿಯಂತ್ರಣದ ಬಗ್ಗೆ ಪ್ರಬಂಧ ಮಂಡಿಸಿದ್ದರು. ಒಳಗಿನ ಗಡಿಯನ್ನು ಸರಿಯಾಗಿ ಕಾಯದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ: 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದಾಗ ಕಳ್ಳರು ಮೊದಲು ಒಳಹೊಕ್ಕದ್ದು ಶೈತ್ಯೀಕರಣದ ಗುತ್ತಿಗೆದಾರರೊಬ್ಬರ ಲಾಗಿನ್ ಮೂಲಕ. ಅಲ್ಲಿಂದ ಪಾವತಿ ಯಂತ್ರಗಳವರೆಗೂ ಅವರಿಗೆ ದಾರಿ ಸಿಕ್ಕಿತು. ಇನ್ನು ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬಂದಲ್ಲಿ ನ್ಯಾಟ್‌ನ ಮರೆಯೂ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಪದ್ಧತಿಯಾದ ಐಪಿವಿ4ಕ್ಕೆಂದು ಬರೆದ ನಿಯಮ ಬಹಳಷ್ಟು ರೂಟರುಗಳಲ್ಲಿ ಐಪಿವಿ6ಕ್ಕೆ ಅನ್ವಯಿಸದು. ಅದಕ್ಕೆ ನಿಯಮವನ್ನು ಬೇರೆಯಾಗಿಯೇ ಬರೆಯಬೇಕು.