ಕೊಂಕು

ಕೊಂಕು: ಮೇಲ್ನೋಟಕ್ಕೆ ಹೊಗಳಿಕೆಯಂತೆ ಕೇಳಿಸಿ ಒಳಗೆ ಚುಚ್ಚುವ ಮಾತು; ಒಳ್ಳೆಯದರಲ್ಲೂ ಹುಳುಕು ಹುಡುಕುವ ಬುದ್ಧಿ. ಅಚ್ಚಗನ್ನಡದ ಈ ಪದಕ್ಕೆ ಮೂಲದಲ್ಲಿ ಬಾಗು, ಡೊಂಕು ಎಂದಷ್ಟೇ ಅರ್ಥ. ಕೊಕ್ಕೆಗೆ ಹೇಳುವ ಕೊಂಕಿ ಇದರ ನೆಂಟ. ಹಳಗನ್ನಡ ಕವಿಗಳಿಗೆ ಹೆಣ್ಣಿನ ಗುಂಗುರು ಕುರುಳೂ ಕೊಂಕೇ, ಅಲ್ಲಿ ಅದು ಚೆಲುವು. ಕೂದಲಿನಿಂದ ನಾಲಗೆಗೆ ದಾಟಿದ ಮೇಲೆ ಆ ಚೆಲುವು ಉಳಿಯಲಿಲ್ಲ.

ಸಂಸ್ಕೃತದ ವಕ್ರೋಕ್ತಿಯೂ ಪದಶಃ ಕೊಂಕುನುಡಿಯೇ. ಆದರೆ ಅದರ ಅದೃಷ್ಟ ಬೇರೆ. ಅಲಂಕಾರಶಾಸ್ತ್ರಕಾರ ದಂಡಿ ವಾಙ್ಮಯವನ್ನೆಲ್ಲ ಸ್ವಭಾವೋಕ್ತಿ, ವಕ್ರೋಕ್ತಿ ಎಂದು ಎರಡಾಗಿ ಒಡೆದ. ಕಾಶ್ಮೀರದ ಕುಂತಕ ವಕ್ರೋಕ್ತಿಯೇ ಕಾವ್ಯದ ಜೀವ ಎಂದ. ಮನೆಮಾತಿನ ಕೊಂಕಿಗೆ ಹತ್ತಿರವಾದದ್ದು ಇನ್ನೊಬ್ಬ ಅಲಂಕಾರಶಾಸ್ತ್ರಕಾರ ರುದ್ರಟ ಹೇಳುವ ಕಾಕು ವಕ್ರೋಕ್ತಿ: ಪದ ಬದಲಾಗದೆ ದನಿ ಬದಲಾದರೆ ಅರ್ಥ ತಿರುಗಿಬೀಳುತ್ತದೆ.

ಇದಕ್ಕೆ ಉದಾಹರಣೆ ಬೇಕೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಜಗಲಿ ಮಾತು ಸಾಕು. ಆಲೂಗಡ್ಡೆ ಚೆನ್ನಾಗಿ ಬಂದವನಿಗೆ ಪಕ್ಕದ ಹೊಲದವನು, "ಬಿಡಪ್ಪ, ಇನ್ನು ದುಡ್ಡು ಎಣ್ಸಕ್ಕೆ ಆಳು ಹಿಡೀಬೇಕೇನೋ" ಎನ್ನುತ್ತಾನೆ. ಬರೆದಿಟ್ಟರೆ ಹಾರೈಕೆ, ಕೇಳಿಸಿಕೊಂಡವನಿಗೆ ಮುಳ್ಳು. "ಏನ್ ಮಾಡಿದ್ರೂ ಕೊಂಕು ತೆಗೀತಾನೆ" ಎಂಬ ದೂರು ಹುಟ್ಟುವುದು ಇಂಥಲ್ಲೇ.

ಬೈಗುಳವನ್ನು ಕೊಂಕು ಎನ್ನಲಾಗದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್. ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿಯ ಗಂಗಮ್ಮನ ಬಾಯಿ ಕೆಟ್ಟದ್ದು, ನಿಜ. ಆದರೆ ಆಕೆ ಮುಖಕ್ಕೇ ಬೈಯುವವಳು. ಕೊಂಕಿಗೆ ಬೇಕಾದ ಮರೆ ಆಕೆಗಿಲ್ಲ.

ಕುಹಕ ಕೊಂಕಿಗಿಂತ ಕಹಿಯಾದ ಪದ. ಸಂಸ್ಕೃತದಲ್ಲಿ ಮೋಸ, ಮೋಸಗಾರ ಎಂಬ ಅರ್ಥವಿದ್ದದ್ದು ಕನ್ನಡದಲ್ಲಿ ಕೇಡಿನ ಲೇವಡಿಯಾಯಿತು. ಸಿನಿಕ ಎಂಬುದು ಇಂಗ್ಲಿಷಿನ ಮೂಲಕ ಬಂದ ಗ್ರೀಕ್ ಪದ. ಅದು ನಾಯಿಯಂತೆ ಬೀದಿಯಲ್ಲಿ ಬದುಕಿದ ಗ್ರೀಕ್ ದಾರ್ಶನಿಕ ಡಯೋಜನೀಸನ ಪಂಥದ ಹೆಸರು. ಕೊಂಕಿಗೆ ಅದನ್ನು ಸಮಾನಪದವಾಗಿ ಬಳಸುವುದು ಸರಿಯಲ್ಲ. ಸಿನಿಕನಿಗೆ ಲೋಕದ ಮೇಲೇ ನಂಬಿಕೆಯಿಲ್ಲ. ಕೊಂಕಿನವನಿಗೆ ಪಕ್ಕದ ಮನೆಯವನ ಏಳಿಗೆಯನ್ನಷ್ಟೇ ಸಹಿಸಲಾಗದು.

ಹಾಸನ ಸೀಮೆಯ ಹಾಸ್ಯವೆಲ್ಲ ಕೊಂಕಲ್ಲ ಎಂಬುದಕ್ಕೆ ಹೇಮಾವತಿ ದಂಡೆಯ ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಸಾಕ್ಷಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಕೃತಿಯಲ್ಲೂ ಅವರು ಬೆರಗಾಗುವುದೇ ಹೆಚ್ಚು, ಕೊಂಕು ತೆಗೆಯುವುದು ಅಪರೂಪ.