ಕಾಡುಪ್ರಾಣಿ, ಕ್ಯಾಮೆರಾ ಮತ್ತು ನಡುವಿನ ಅಂತರ

ಬೇಸಿಗೆ ರಜೆಯಲ್ಲಿ ಯೆಲ್ಲೋಸ್ಟೋನ್ ನೋಡಲು ಹೊರಟ ಕನ್ನಡ ಕುಟುಂಬಕ್ಕೂ, ಡಿಸೆಂಬರಿನಲ್ಲಿ ಊರಿಗೆ ಬಂದು ಕಬಿನಿಯ ಸಫಾರಿ ಜೀಪು ಹತ್ತುವ ಕುಟುಂಬಕ್ಕೂ ಕಾಡಿನಲ್ಲಿ ಎದುರಾಗುವ ಪ್ರಶ್ನೆ ಒಂದೇ: ಎಷ್ಟು ಹತ್ತಿರ ಹೋಗಬಹುದು? ಹವ್ಯಾಸಿ ವನ್ಯಜೀವಿ ಛಾಯಾಗ್ರಹಣದ ಚರಿತ್ರೆ, ತಂತ್ರ, ಕಾನೂನು, ನೀತಿ ಎಲ್ಲವೂ ಕೊನೆಗೆ ಈ ಪ್ರಶ್ನೆಯ ಸುತ್ತಲೇ ನಿಲ್ಲುತ್ತವೆ. ಅದಕ್ಕೆ ತಪ್ಪು ಉತ್ತರ ಕಂಡುಕೊಂಡವರಲ್ಲಿ ಕೆಲವರು ಪ್ರಾಣ ತೆತ್ತಿದ್ದಾರೆ. ಅವರಿಗಿಂತ ಹೆಚ್ಚಿನ ಬಾರಿ ಬೆಲೆ ತೆತ್ತಿರುವುದು ಪ್ರಾಣಿಗಳು. ಆ ಲೆಕ್ಕವನ್ನು ಇಟ್ಟವರಿಲ್ಲ.

ಬಂದೂಕಿನಿಂದ ಕ್ಯಾಮೆರಾಕ್ಕೆ

ವನ್ಯಜೀವಿ ಛಾಯಾಗ್ರಹಣ ಹುಟ್ಟಿದ್ದು ಬೇಟೆಯ ಮಗ್ಗುಲಲ್ಲಿ. ಅಮೆರಿಕದ ವಕೀಲ ಮೂರನೆಯ ಜಾರ್ಜ್ ಶಿರಾಸ್ ರಾತ್ರಿ ದೋಣಿಯಲ್ಲಿ ಕುಳಿತು, ದೀಪದ ಬೆಳಕಿಗೆ ಬೆರಗಾಗಿ ನಿಲ್ಲುವ ಜಿಂಕೆಗಳನ್ನು ಬೇಟೆಯಾಡುತ್ತಿದ್ದವರು. ಮುಂದೆ ಅದೇ ದೋಣಿ, ಅದೇ ಉಪಾಯವನ್ನು ಉಳಿಸಿಕೊಂಡು ಬಂದೂಕಿನ ಜಾಗದಲ್ಲಿ ಕ್ಯಾಮೆರಾ ಇಟ್ಟರು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಪ್ರಕಟಿಸಿತು. ಶಿರಾಸ್ ವೃತ್ತಿಯಿಂದ ಛಾಯಾಗ್ರಾಹಕರಾಗಿರಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಈ ಕಲೆಯ ಆರಂಭದ ಪುಟದಲ್ಲೇ ಒಬ್ಬ ಹವ್ಯಾಸಿಯ ಹೆಸರಿದೆ.

ಭಾರತದಲ್ಲಿ ಇದೇ ದಾರಿಯನ್ನು ತುಳಿದವರು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ಸಣ್ಣ ತಂತಿ ಕಟ್ಟಿ, ಅದನ್ನು ಕ್ಯಾಮೆರಾ ಮತ್ತು ಫ್ಲಾಶಿಗೆ ಜೋಡಿಸುವುದು ಅವರ ವಿಧಾನ. ಹುಲಿ ತಂತಿಯನ್ನು ಎಡವಿದಾಗ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿತ್ತು. 1927ರಲ್ಲಿ ಬಂದ ಅವರ ಪುಸ್ತಕ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’, ಹುಲಿಯನ್ನು ಕೊಲ್ಲದೆಯೂ ಕಾಡಿನಿಂದ ಮನೆಗೆ ತರಬಹುದೆಂದು ತೋರಿಸಿತು. ಅವರ ಉಪಾಯದಲ್ಲಿ ಇನ್ನೊಂದು ಅಂಶವೂ ಅಡಗಿತ್ತು: ಚಿತ್ರ ಮೂಡುವ ಕ್ಷಣದಲ್ಲಿ ಮನುಷ್ಯ ಅಲ್ಲಿರುತ್ತಿರಲಿಲ್ಲ.

ಸುಮಾರು ಆರೂವರೆ ದಶಕಗಳ ಬಳಿಕ ಇದೇ ಕಲ್ಪನೆ ಕರ್ನಾಟಕದಲ್ಲಿ ವಿಜ್ಞಾನದ ಸಾಧನವಾಯಿತು. ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ಇಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ನಮ್ಮ ಬೆರಳಚ್ಚಿನಂತೆ ಹುಲಿಯ ಪಟ್ಟೆಯೂ ಒಂದರಂತೆ ಇನ್ನೊಂದಿರುವುದಿಲ್ಲ.

ಕನ್ನಡ ನಾಡಿನ ಹವ್ಯಾಸಿಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರು ಈ ಹವ್ಯಾಸದ ದೊಡ್ಡ ನೆಲೆಯಾಗಿತ್ತು. ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಹೆಸರುಗಳನ್ನು ಇಂದಿಗೂ ಛಾಯಾಗ್ರಾಹಕರು ಗೌರವದಿಂದ ನೆನೆಯುತ್ತಾರೆ. ಸಂಡೂರಿನ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು; ಅವರ ಕಪ್ಪು ಬಿಳುಪು ಚಿತ್ರಗಳು ಆನೆ, ಕಾಟಿಗಳ ಬದುಕನ್ನು ಬೆಳಕು ನೆರಳಿನ ಭಾಷೆಯಲ್ಲಿ ಹಿಡಿದಿಟ್ಟಿವೆ. ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದು, ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕದ ಮೂಲಕ ಆ ಲೋಕವನ್ನು ಕನ್ನಡ ಓದುಗರ ಮನೆಗೆ ತಂದರು. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಸೀಳುನಾಯಿಗಳ ಒಂದು ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸಿ ತೆಗೆದ ‘ದಿ ಪ್ಯಾಕ್’ ಚಿತ್ರ 2010ರಲ್ಲಿ ‘ಹಸಿರು ಆಸ್ಕರ್’ ಎಂದು ಹೆಸರಾದ ವೈಲ್ಡ್‌ಸ್ಕ್ರೀನ್ ಪ್ರಶಸ್ತಿ ಪಡೆಯಿತು.

ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಯಲ್ಲಿ 36 ಚಿತ್ರಗಳಷ್ಟೇ ಸಿಗುತ್ತಿದ್ದವು. ಗುಂಡಿ ಒತ್ತುವ ಮೊದಲು ಯೋಚಿಸಬೇಕಿತ್ತು. ಯೋಚಿಸಬೇಕಾದರೆ ಪ್ರಾಣಿಯನ್ನು ನೋಡುತ್ತ ಕೂರಬೇಕಿತ್ತು. ಇಂದಿನ ಕ್ಯಾಮೆರಾ ಎರಡು ಸೆಕೆಂಡಿನೊಳಗೆ 36 ಚಿತ್ರ ತೆಗೆದೀತು. ಹಾಗೆಂದು ಹಳೆಯದೆಲ್ಲ ಆದರ್ಶವೇನೂ ಆಗಿರಲಿಲ್ಲ. ಗೂಡಿನ ಬಳಿ ಮರೆ ಕಟ್ಟಿ, ಮರಿಗೆ ಗುಟುಕು ಕೊಡುವ ತಾಯಿಹಕ್ಕಿಯನ್ನು ಫ್ಲಾಶಿನ ಬೆಳಕಿನಲ್ಲಿ ಸೆರೆಹಿಡಿಯುವುದು ಆಗ ಸಾಮಾನ್ಯ ರೂಢಿ. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಬೆದರಿದ ಹಕ್ಕಿ ಗೂಡನ್ನೇ ತೊರೆಯಬಹುದು. ಮನುಷ್ಯ ಬದಿಗೆ ಸರಿಸಿದ ಎಲೆಗಳ ಸಂದಿನಿಂದ ಕಾಗೆ, ಹಾವುಗಳಿಗೆ ಮರಿಗಳ ಸುಳಿವು ಸಿಗಬಹುದು.

ಅಂತರದ ಲೆಕ್ಕ

ಯೆಲ್ಲೋಸ್ಟೋನಿನ ನಿಯಮದಂತೆ ಕರಡಿ ಮತ್ತು ತೋಳಗಳಿಂದ 100 ಗಜ (ಸುಮಾರು 91 ಮೀಟರ್), ಬೈಸನ್, ಎಲ್ಕ್ ಮೊದಲಾದವುಗಳಿಂದ 25 ಗಜ (ಸುಮಾರು 23 ಮೀಟರ್) ದೂರವಿರಬೇಕು. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಈ ಅಂತರ ಕರಡಿ, ತೋಳಗಳಿಗೆ 100 ಮೀಟರ್. ಎಲ್ಕ್, ಮೂಸ್, ಜಿಂಕೆಗಳಿಗೆ 30 ಮೀಟರ್. ಇಷ್ಟು ದೂರದಿಂದ ಒಳ್ಳೆಯ ಚಿತ್ರ ಹೇಗೆ ಬಂದೀತು ಎಂದು ಹೊಸಬರು ಕೇಳುವುದುಂಟು. ಉತ್ತರ ಸರಳ ಗಣಿತದಲ್ಲಿದೆ.

ಕ್ಯಾಮೆರಾದ ಸೆನ್ಸರಿನ ಅಗಲವನ್ನು ಪ್ರಾಣಿಯ ದೂರದಿಂದ ಗುಣಿಸಿ, ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ, ಚಿತ್ರದ ಚೌಕಟ್ಟಿನಲ್ಲಿ ಎಷ್ಟು ಅಗಲದ ದೃಶ್ಯ ಹಿಡಿಯುತ್ತದೆ ಎಂಬುದು ತಿಳಿಯುತ್ತದೆ. ಸಾಮಾನ್ಯ ಹವ್ಯಾಸಿ ಕ್ಯಾಮೆರಾದ ಸೆನ್ಸರು ಸುಮಾರು 24 ಮಿ.ಮೀ. ಅಗಲ. ಅದಕ್ಕೆ 500 ಮಿ.ಮೀ. ಲೆನ್ಸ್ ಜೋಡಿಸಿದರೆ 91 ಮೀಟರ್ ದೂರದಲ್ಲಿ ಸುಮಾರು 4.4 ಮೀಟರ್ ಅಗಲದ ದೃಶ್ಯ ಸಿಗುತ್ತದೆ. ಎರಡು ಮೀಟರ್ ಉದ್ದದ ಕರಡಿ ಚೌಕಟ್ಟಿನ ಅರ್ಧದಷ್ಟನ್ನು ತುಂಬುತ್ತದೆ. ಇದಕ್ಕಿಂತ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಈಗ ಮೊಬೈಲ್ ಫೋನಿನ ಲೆಕ್ಕ ನೋಡೋಣ. ಅದರ ಮುಖ್ಯ ಲೆನ್ಸು 36 ಮಿ.ಮೀ. ಅಗಲದ ಪೂರ್ಣ ಚೌಕಟ್ಟಿನ ಕ್ಯಾಮೆರಾದ ಸುಮಾರು 26 ಮಿ.ಮೀ. ಲೆನ್ಸಿಗೆ ಸಮ. ನಿಯಮಬದ್ಧವಾದ 23 ಮೀಟರ್ ದೂರದಲ್ಲಿ ನಿಂತರೆ ಚೌಕಟ್ಟಿನಲ್ಲಿ 32 ಮೀಟರ್ ಅಗಲದ ಬಯಲು ಹಿಡಿಯುತ್ತದೆ. ಮೂರು ಮೀಟರ್ ಉದ್ದದ ಬೈಸನ್ ಅದರ ಹತ್ತನೆಯ ಒಂದು ಭಾಗವೂ ಆಗದು. ಕಣ್ಣಿಗೆ ಪರ್ವತದಂತೆ ಕಂಡ ಪ್ರಾಣಿ ಪರದೆಯ ಮೇಲೆ ಕಂದು ಚುಕ್ಕೆ. ಆಗ ಕಾಲು ತಾನಾಗಿಯೇ ಮುಂದಡಿಯಿಡುತ್ತದೆ. ಅಪಾಯಕ್ಕೆ ಸಿಲುಕುವವರಲ್ಲಿ ದೊಡ್ಡ ಲೆನ್ಸಿನವರಿಗಿಂತ ಕೈಯಲ್ಲಿ ಫೋನು ಹಿಡಿದವರೇ ಹೆಚ್ಚಾಗಿ ಕಾಣಲು ಕಾರಣ ಇದೇ ಇರಬೇಕು. ಸೆಲ್ಫಿಯಲ್ಲಂತೂ ಪ್ರಾಣಿಗೆ ಬೆನ್ನು ತಿರುಗಿಸಿಯೇ ನಿಲ್ಲಬೇಕು.

ಈ ಗಣಿತವನ್ನು ನಾನು ಕಲಿತದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಲಾಮಾರ್ ಕಣಿವೆಯಲ್ಲಿ ಮೇಯುತ್ತಿದ್ದ ಒಂಟಿ ಬೈಸನ್ನಿನ ಚಿತ್ರ ತೆಗೆದೆ. ನಿಯಮದ 25 ಗಜ ಬಿಟ್ಟಿದ್ದೇನೆ ಎಂದೇ ನಂಬಿದ್ದೆ. ಅದು ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ ನನ್ನತ್ತ ನೋಡಿತು. ಒಳ್ಳೆಯ ಭಂಗಿ ಎಂದು ಹಿಗ್ಗಿದೆ. ಆ ಚಿತ್ರ ಬಹಳ ಕಾಲ ನಮ್ಮ ಮನೆಯ ಗೋಡೆಯ ಮೇಲಿತ್ತು. ಒಂದು ದಿನ ಕಡತದಲ್ಲಿ ದಾಖಲಾಗಿದ್ದ ವಿವರ ನೋಡಿದೆ: ಪೂರ್ಣ ಚೌಕಟ್ಟಿನ ಕ್ಯಾಮೆರಾ, 200 ಮಿ.ಮೀ. ಲೆನ್ಸ್. ಬೈಸನ್ನಿನ ದೇಹ ಚೌಕಟ್ಟಿನ ಈ ತುದಿಯಿಂದ ಆ ತುದಿಯವರೆಗೆ ತುಂಬಿತ್ತು. ಲೆಕ್ಕ ಹಾಕಿದರೆ ನಡುವಿನ ದೂರ 17 ಮೀಟರ್. ಅದರ ಬಾಲವೂ ನೆಟ್ಟಗೆ ಮೇಲೆದ್ದಿತ್ತು. ಬೈಸನ್ ಬಾಲವೆತ್ತಿದರೆ ಕೆರಳಿದೆ ಎಂದು ಅರ್ಥ. ಅದು ಗಂಟೆಗೆ ಸುಮಾರು 56 ಕಿ.ಮೀ. ವೇಗದಲ್ಲಿ ಓಡಬಲ್ಲದು. ನನ್ನ ಜೊತೆಗೆ ಎಂಟು ವರ್ಷದ ಮಗಳು ನಿಂತಿದ್ದಳು.

ಪ್ರಾಣಿಯ ಮಾತು

ಸ್ವಿಟ್ಜರ್ಲೆಂಡಿನ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ ಕಾಡುಪ್ರಾಣಿಯ ಸುತ್ತ ಎರಡು ಅದೃಶ್ಯ ವೃತ್ತಗಳನ್ನು ಗುರುತಿಸಿದರು. ಹೊರಗಿನ ವೃತ್ತವನ್ನು ದಾಟಿದರೆ ಪ್ರಾಣಿ ದೂರ ಸರಿಯುತ್ತದೆ. ಸರಿಯಲು ದಾರಿಯಿಲ್ಲದೆ ಒಳವೃತ್ತವನ್ನೂ ದಾಟಿದರೆ ಎದುರು ನುಗ್ಗುತ್ತದೆ. ಈ ವೃತ್ತಗಳ ಅಳತೆ ಪ್ರಾಣಿಯಿಂದ ಪ್ರಾಣಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಮರಿಯಿರುವ ತಾಯಿ, ಗಾಯಗೊಂಡ ಪ್ರಾಣಿ, ಮದವೇರಿದ ಆನೆ, ಇವುಗಳ ಬಳಿ ವೃತ್ತ ಹಿಗ್ಗಿರುತ್ತದೆ. ಗಂಡಾನೆಯ ಕಣ್ಣು ಮತ್ತು ಕಿವಿಯ ನಡುವಿನಿಂದ ಕೆನ್ನೆಯ ಮೇಲೆ ಇಳಿದ ಕಪ್ಪು ಒದ್ದೆ ಗೆರೆ ಮದದ ಗುರುತು.

ಆನೆ ಮೇಯುವುದನ್ನು ನಿಲ್ಲಿಸುವುದು, ತಲೆಯೆತ್ತಿ ಕಿವಿ ಅಗಲಿಸುವುದು, ಮಣ್ಣೆರಚುವುದು, ಮುಂಗಾಲನ್ನು ಹಿಂದೆ ಮುಂದೆ ತೂಗುವುದು, ಇವೆಲ್ಲ ಎಚ್ಚರಿಕೆಗಳು. ಕಿವಿ ಬಿಚ್ಚಿ ಘೀಳಿಟ್ಟು ನುಗ್ಗುವುದು ಅನೇಕ ಸಲ ಬೆದರಿಕೆಯಷ್ಟೇ; ಕಿವಿ ಹಿಂದಕ್ಕೆ ಮಡಚಿ, ಸೊಂಡಿಲು ಸುತ್ತಿಕೊಂಡು ಬಂದರೆ ಅದು ನಿಜವಾದ ದಾಳಿ ಎನ್ನುವುದು ಬಲ್ಲವರ ಅನುಭವ. ಆದರೆ ಈ ವ್ಯತ್ಯಾಸವನ್ನು ನಂಬಿ ನಿಂತು ನೋಡುವುದು ಜಾಣತನವಾಗಲಾರದು. ಕಾಟಿ ತನ್ನ ದೇಹವನ್ನು ಅಡ್ಡಲಾಗಿ ತೋರಿಸಿ ಬುಸುಗುಡುತ್ತದೆ. ನಮ್ಮ ಕರಡಿ ಮಾತ್ರ ಅಷ್ಟು ಕಾಲಾವಕಾಶ ಕೊಡುವುದಿಲ್ಲ. ಅದರ ದೃಷ್ಟಿ ಮಂದ. ಗೆದ್ದಲು ಕೆದಕುವುದರಲ್ಲಿ ಮೈಮರೆತಿರುವಾಗ ಮನುಷ್ಯ ಹತ್ತಿರ ಬಂದದ್ದು ತಿಳಿದರೆ ಬೆಚ್ಚಿ ಮೇಲೆರಗುತ್ತದೆ.

ಇಲ್ಲೊಂದು ಕಹಿ ಸತ್ಯವಿದೆ. ನಾವು ಹೊಗಳುವ ಎಷ್ಟೋ ‘ರೋಮಾಂಚಕ’ ಚಿತ್ರಗಳು, ಕಿವಿ ಬಿಚ್ಚಿದ ಆನೆ, ಹಲ್ಲು ಕಿರಿದ ಚಿರತೆ, ಒಮ್ಮೆಗೇ ಹಾರಿದ ಹಕ್ಕಿಗಳ ಹಿಂಡು, ಛಾಯಾಗ್ರಾಹಕ ಉಂಟುಮಾಡಿದ ಕಿರಿಕಿರಿಯ ದಾಖಲೆಗಳೇ ಆಗಿರಬಹುದು.

ಕಾನೂನು

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥ ಬಹಳ ವಿಶಾಲ. ಪ್ರಾಣಿಯನ್ನು ಅಟ್ಟುವುದು, ಅದಕ್ಕೆ ಆಮಿಷವೊಡ್ಡುವುದು, ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡುಗಳನ್ನು ಕದಡುವುದು, ಇವೂ ಅದರೊಳಗೆ ಬರುತ್ತವೆ. ಕೃಷ್ಣಮೃಗ ಓಡುವ ಚಿತ್ರಕ್ಕಾಗಿ ಹುಲ್ಲುಗಾವಲಿನಲ್ಲಿ ಕಾರು ಓಡಿಸುವವನು ತಾನು ಬೇಟೆಗಾರನಲ್ಲ ಎಂದುಕೊಂಡಿರಬಹುದು. ಕಾಯಿದೆ ಹಾಗೆ ಎಣಿಸಬೇಕಾಗಿಲ್ಲ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ವಾಹನ ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರದಲ್ಲಿ, ವಾಹನಗಳು ಒಂದರಿಂದೊಂದು 50 ಮೀಟರ್ ಅಂತರದಲ್ಲಿ ಇರಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ.

ಬ್ರಿಟನ್ನಿನಲ್ಲಿ 1981ರ ಕಾಯಿದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿಗಳನ್ನು ಗೂಡಿನ ಬಳಿ ಕದಡುವುದು ಅಪರಾಧ. ಮಿಂಚುಳ್ಳಿ, ಕಣಜ ಗೂಬೆ ಎರಡೂ ಆ ಪಟ್ಟಿಯಲ್ಲಿವೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ಹಾರಿಸುವಂತಿಲ್ಲ. ಸಿಂಗಪುರದಲ್ಲಿ ಕಾಡುಪ್ರಾಣಿಗೆ ಆಹಾರ ಹಾಕಿದರೆ ದಂಡ. ಯಾವ ನಾಡಿನಲ್ಲಿದ್ದೇವೋ ಆ ನಾಡಿನ ನಿಯಮವನ್ನು ಹೊರಡುವ ಮುನ್ನ ಓದಿಕೊಳ್ಳುವುದು ಒಳಿತು.

ಆಮಿಷ ಮತ್ತು ಸತ್ಯ

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರ ಪ್ರಥಮ ಬಹುಮಾನ ಬಂದದ್ದು ರಾತ್ರಿ ಬೇಲಿ ಹಾರುವ ತೋಳದ ಚಿತ್ರಕ್ಕೆ. ಆ ತೋಳ ಪಳಗಿಸಿದ್ದಿರಬಹುದೆಂದು ತೀರ್ಪುಗಾರರು ನಿರ್ಣಯಿಸಿದ್ದರಿಂದ 2010ರಲ್ಲಿ ಬಹುಮಾನ ಹಿಂದಕ್ಕೆ ಹೋಯಿತು. 2018ರಲ್ಲಿ ಇದೇ ಸ್ಪರ್ಧೆಯ ಮತ್ತೊಂದು ವಿಜೇತ ಚಿತ್ರವನ್ನು, ಅದರಲ್ಲಿದ್ದ ಇರುವೆಬಾಕ ಹುಲ್ಲು ತುಂಬಿದ ಗೊಂಬೆಯೆಂಬ ಕಾರಣಕ್ಕೆ ಅನರ್ಹಗೊಳಿಸಲಾಯಿತು.

ಎಲ್ಲ ಪ್ರಕರಣಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಹಂಪಿಗೆ ಸಮೀಪದ ದರೋಜಿ ಕರಡಿಧಾಮದಲ್ಲಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ, ಸಂಜೆ ಕರಡಿಗಳು ಇಳಿದು ಬರುವುದನ್ನು ಜನ ದೂರದ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಮನುಷ್ಯ ಗೋಪುರದಲ್ಲೇ ಉಳಿಯುವುದರಿಂದ ಅಂತರ ಕೆಡುವುದಿಲ್ಲ. ಆದರೆ ಅಲ್ಲಿ ತೆಗೆದ ಚಿತ್ರದ ಕೆಳಗೆ ಬೆಲ್ಲದ ಮಾತನ್ನೂ ಬರೆಯುವುದು ಪ್ರಾಮಾಣಿಕತೆ. ಧ್ವನಿಮುದ್ರಿತ ಕೂಗಿನಿಂದ ಹಕ್ಕಿಯನ್ನು ಕರೆಯುವುದು, ಗೂಬೆಗೆ ಇಲಿ ಎಸೆಯುವುದು, ಕಪ್ಪೆಯನ್ನು ಎತ್ತಿ ಚೆಂದದ ಎಲೆಯ ಮೇಲೆ ಕೂರಿಸುವುದು, ಇವನ್ನು ಚಿತ್ರದ ಕೆಳಗೆ ಬರೆಯಲು ನಾಚಿಕೆಯಾಗುವುದಾದರೆ ಮಾಡದಿರುವುದೇ ಲೇಸು.

ಚಿತ್ರದ ಸಾರ್ಥಕತೆ

ಹವ್ಯಾಸಿಯ ಚಿತ್ರಕ್ಕೆ ಗೋಡೆಯಾಚೆಗೂ ಬಾಳು ಇದೆ. ಇ-ಬರ್ಡ್, ಐ-ನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮೊದಲಾದವುಗಳಿಗೆ ದಿನಾಂಕ, ಸ್ಥಳ ಸಹಿತ ಸೇರಿಸಿದ ಸಾಧಾರಣ ಚಿತ್ರವೂ ಒಂದು ಜೀವಿ ಎಲ್ಲಿದೆ, ಯಾವಾಗ ಬರುತ್ತದೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಅಳಿವಿನಂಚಿನ ಜೀವಿಗಳ ನಿಖರ ಸ್ಥಳವನ್ನು ಇಂಥ ತಾಣಗಳು ಮರೆಮಾಚುತ್ತವೆ. ಸಾಮಾಜಿಕ ಜಾಲಗಳಲ್ಲಿ ಹಂಚುವಾಗ ಆ ಎಚ್ಚರವನ್ನು ನಾವೇ ವಹಿಸಬೇಕು. ಒಂದು ಗೂಬೆಯ ಪೊಟರೆಯ ವಿಳಾಸ ಹೊರಬಿದ್ದರೆ ಮರುದಿನ ಅದರ ಮುಂದೆ ಹತ್ತಾರು ಕ್ಯಾಮೆರಾಗಳು ನಿಲ್ಲಬಹುದು.

ಕಾಡಿಗೆ ಹೊರಡುವ ಹವ್ಯಾಸಿಗೆ ಒಂದು ಅಳತೆಗೋಲು ಸಾಕು. ನಾವು ಬಂದಾಗ ಪ್ರಾಣಿ ಏನು ಮಾಡುತ್ತಿತ್ತೋ, ಹೊರಟಾಗಲೂ ಅದನ್ನೇ ಮಾಡುತ್ತಿದೆಯೇ? ಮೇಯುತ್ತಿದ್ದದ್ದು ಮೇಯುತ್ತಿದ್ದರೆ, ಮಲಗಿದ್ದದ್ದು ಮಲಗಿಯೇ ಇದ್ದರೆ ಅಂತರ ಸರಿಯಾಗಿದೆ. ತಲೆಯೆತ್ತಿದರೆ ನಿಲ್ಲಬೇಕು, ನೋಡುತ್ತಲೇ ಇದ್ದರೆ ಹಿಂದೆ ಸರಿಯಬೇಕು.

ನನ್ನ ಬೈಸನ್ ಚಿತ್ರವನ್ನು ಗೋಡೆಯಿಂದ ಇಳಿಸಿದ್ದೇನೆ, ಅಳಿಸಿಲ್ಲ. ಯೆಲ್ಲೋಸ್ಟೋನಿಗೆ ಹೊರಟ ಸ್ನೇಹಿತರು ಮನೆಗೆ ಬಂದಾಗ ಅದನ್ನು ತೋರಿಸಿ, ಮೊದಲು ಬಾಲ ನೋಡಿ ಎನ್ನುತ್ತೇನೆ.